ಇರುಲನ್ ಬರೆದದ್ದನ್ನು ಎಷ್ಟು ನಂಬಬೇಕು?

ಗುಮ್ಮಟದ ಪಾರಿವಾಳ (ವಿಜಯಪುರ)

ಫ್ರಾಂಕ್ ಹರ್ಬರ್ಟ್ ಬರೆದ ಡ್ಯೂನ್ ಕಾದಂಬರಿಗಳ ಮೊದಲ ಪುಸ್ತಕ ನಿನ್ನೆ ರಾತ್ರಿ ಮುಗಿಯಿತು. ಎರಡು ತಿಂಗಳು ಹಿಡಿಯಿತು. ಹಗಲೆಲ್ಲ ಪ್ರೆಸ್ಸಿನಲ್ಲಿ ಮದುವೆ ಕಾರ್ಡು, ಹ್ಯಾಂಡ್‌ಬಿಲ್ಲಿನ ಪ್ರೂಫ್ ನೋಡುತ್ತೇನೆ. ರಾತ್ರಿ ಮತ್ತೆ ಅಕ್ಷರ, ಅದೂ ಇಂಗ್ಲಿಷಿನವು.

ಕಥೆ ಗೊತ್ತಿಲ್ಲದವರಿಗೆ ಎರಡೇ ಮಾತು. ಅರಾಕಿಸ್ ಅಂತ ಒಂದು ಮರಳುಗಾಡಿನ ಗ್ರಹ. ಬೇರೆಲ್ಲೂ ಸಿಗದ ಒಂದು ಮಸಾಲೆ ಅಲ್ಲಿ ಸಿಗುತ್ತದೆ. ಅದರ ಮೇಲೆ ದೊಡ್ಡ ದೊಡ್ಡ ಮನೆತನಗಳ ಕಣ್ಣು. ಅಟ್ರೈಡಿಸ್ ಮನೆತನವನ್ನು ಹರ್ಕೊನೆನ್ ಮನೆತನದವರು ಮುಗಿಸುತ್ತಾರೆ. ಚಕ್ರವರ್ತಿ ಗುಟ್ಟಾಗಿ ತನ್ನ ಸೈನ್ಯ ಕಳಿಸಿ ಅವರಿಗೆ ಕೈಜೋಡಿಸುತ್ತಾನೆ. ಬದುಕಿ ಉಳಿದ ಹುಡುಗ ಪಾಲ್ ಮರಳುಗಾಡಿನ ಜನರನ್ನು ಕಟ್ಟಿಕೊಂಡು ತಿರುಗಿ ಬರುತ್ತಾನೆ.

ನನ್ನ ತಲೆ ತಿನ್ನುತ್ತಿರುವುದು ಈ ಕಥೆ ಅಲ್ಲ. ಪ್ರತಿ ಅಧ್ಯಾಯದ ನೆತ್ತಿಯ ಮೇಲೆ ನಾಲ್ಕು ಸಾಲು ಇರುತ್ತವಲ್ಲ, ಅವು. ಬಹುತೇಕ ಎಲ್ಲವೂ ರಾಜಕುಮಾರಿ ಇರುಲನ್ ಬರೆದ ಪುಸ್ತಕಗಳಿಂದ ಎತ್ತಿದ್ದು. ಪಾಲ್‌ನ ಮಾತುಗಳು, ಅವನ ಮನೆತನದ ಟಿಪ್ಪಣಿ, ಮಕ್ಕಳಿಗಾಗಿ ಅವನ ಚರಿತ್ರೆ, ಹೀಗೆ ಒಂದರ ಮೇಲೊಂದು. ಯಾರೋ ವಯಸ್ಸಾದ ಪಂಡಿತೆ ಇರಬೇಕು ಅಂದುಕೊಂಡು ಓದುತ್ತಿದ್ದೆ. ಕೊನೆಗೆ ನೋಡಿದರೆ ಅದೇ ಚಕ್ರವರ್ತಿಯ ಹಿರಿಮಗಳು! ಪಾಲ್ ಅವಳನ್ನು ಮದುವೆ ಆಗುವುದು ಸಿಂಹಾಸನಕ್ಕಾಗಿ. ಅವನ ಮನಸ್ಸು ಮರಳುಗಾಡಿನ ಹುಡುಗಿ ಚಾನಿಯದು. ಇರುಲನ್‌ಗೆ ಹೆಂಡತಿ ಅನ್ನುವ ಹೆಸರೊಂದೇ, ಮಕ್ಕಳೂ ಇಲ್ಲ, ಮುಟ್ಟುವುದೂ ಇಲ್ಲ ಅಂತ ಚಾನಿಗೆ ಮಾತು ಕೊಡುತ್ತಾನೆ.

ಇಂಥವಳು ಬರೆದ ಗಂಡನ ಮನೆಯ ಚರಿತ್ರೆಯನ್ನು ಎಷ್ಟು ನಂಬಬೇಕು? ಅಪ್ಪನ ರಾಜ್ಯ ಕಿತ್ತುಕೊಂಡವನನ್ನು ಇಷ್ಟು ಹೊಗಳುತ್ತಾಳಲ್ಲ, ಹೆದರಿಕೆಯೋ, ಪ್ರೀತಿಯೋ, ಹೊಟ್ಟೆಪಾಡೋ? ಓದಿದವರು ಹೇಳಿ.

ಇಂಡಿ ನಿಂಬೆ

ಹೊಟ್ಟೆಪಾಡು. ಮುಂದಿನ ಪ್ರಶ್ನೆ.

ಕುಂದಾನಗರಿ (ಬೆಳಗಾವಿ)

ತಮ್ಮಾ, ಅವಳು ಬರೇ ಹೊಗಳುತ್ತಾಳೆ ಅಂತ ಯಾರು ಹೇಳಿದರು? ಅಪ್ಪನ ಮನೆಯ ಬಗ್ಗೆ ಬರೆದ ಸಾಲುಗಳನ್ನು ಇನ್ನೊಮ್ಮೆ ಓದು. ಪಾಲ್‌ನ ಅಪ್ಪ ಡ್ಯೂಕ್ ಲೆಟೊನನ್ನು ಕೊಲ್ಲಿಸಿದವನು ಅವಳಪ್ಪ. ಆದರೂ ಅಪ್ಪನಿಗೆ ಒಳಗೊಳಗೇ ಲೆಟೊ ತನ್ನ ಮಗನಾಗಿದ್ದರೆ ಅನ್ನಿಸುತ್ತಿತ್ತು ಅಂತ ಬರೆಯುತ್ತಾಳೆ. ಅಪ್ಪನಿಗೆ ಗಂಡುಮಕ್ಕಳಿಲ್ಲ, ಐದೂ ಹೆಣ್ಣು. ಮನೆಯ ಹಿರಿಮಗಳಾಗಿ ಇಂಥ ಮಾತು ಬರೆಯುವಾಗ ಅವಳಿಗೆ ಏನಾಗಿರಬೇಕು? ಹೊಟ್ಟೆಪಾಡಿಗೆ ಬರೆಯುವವರು ಈ ಸಾಲನ್ನು ಬಿಟ್ಟುಬಿಡುತ್ತಿದ್ದರು.

ಇನ್ನೊಂದು. ಅವಳು ಬೆನೆ ಗೆಸ್ಸೆರಿಟ್ ಅನ್ನುವ ಹೆಂಗಸರ ಪಂಥದಲ್ಲಿ ಕಲಿತವಳು. ಯಾರ ಮಾತನ್ನು ಎಲ್ಲಿ ಹೇಗೆ ಹರಿಬಿಡಬೇಕು ಅನ್ನುವುದೇ ಅವರ ವಿದ್ಯೆ. ಆ ಮರಳುಗಾಡಿನ ಜನ ಪಾಲ್‌ನನ್ನು ದೇವರ ಕಡೆಯವನು ಅಂತ ಒಪ್ಪಿಕೊಂಡದ್ದು ಹೇಗೆ? ಬಹಳ ಹಿಂದೆಯೇ ಅದೇ ಪಂಥದವರು ಹೋಗಿ ಭವಿಷ್ಯವಾಣಿ ಬಿತ್ತಿ ಬಂದಿದ್ದರು. ಹಾಗಾಗಿ ನಾನು ಅವಳನ್ನು ನಂಬುವುದೂ ಇಲ್ಲ, ಸುಳ್ಳುಗಾತಿ ಅನ್ನುವುದೂ ಇಲ್ಲ. ಕಸುಬು ಬಲ್ಲವಳು ಅನ್ನುತ್ತೇನೆ.

ಎರಡನೇ ಪುಸ್ತಕ ಓದಿದ್ದೀಯಾ? ಇಲ್ಲದಿದ್ದರೆ ಇಲ್ಲಿಗೆ ನಿಲ್ಲಿಸುತ್ತೇನೆ.

ಅರ್ಧ ಓದಿದವ

ಎಲ್ಲರಿಗೂ ಕೈಮುಗಿದು ಕೇಳುತ್ತೇನೆ, ಕಥೆಯ ಗುಟ್ಟು ಬಿಡಬೇಡಿ. ನಾನಿನ್ನೂ ಮುನ್ನೂರನೇ ಪುಟದ ಹತ್ತಿರ ಇದ್ದೇನೆ. ಸಿನಿಮಾ ಮಾತ್ರ ನೋಡಿದ್ದೇನೆ.

ಕುಂದಾನಗರಿ

ಗುಟ್ಟು ಬಿಡುವುದರಲ್ಲಿ ಇರುಲನ್‌ಳನ್ನು ಮೀರಿಸಿದವರಿಲ್ಲ. ಪಾಲ್‌ನ ಮನೆಯ ವೈದ್ಯ ಡಾಕ್ಟರ್ ಯೂವೆ ದ್ರೋಹಿ ಅನ್ನುವುದನ್ನು ಅವಳೇ ಅಧ್ಯಾಯದ ತಲೆಬರಹದಲ್ಲಿ ಹಾಕಿಬಿಡುತ್ತಾಳೆ, ಅವನು ದ್ರೋಹ ಮಾಡುವುದಕ್ಕೆ ಎಷ್ಟೋ ಪುಟ ಮೊದಲೇ. ಹೋಗಿ ಅವಳ ಹತ್ತಿರ ಜಗಳ ಮಾಡಿ.

ಅರ್ಧ ಓದಿದವ

ಅದು ಬೇರೆ ಮಾತು. ನನಗೆ ಅದೇ ಇಷ್ಟ ಆಗಿದ್ದು. ಏನು ಆಗುತ್ತದೆ ಅಂತ ಗೊತ್ತು, ಆದರೂ ಎದೆ ಹೊಡೆದುಕೊಳ್ಳುತ್ತದೆ. ನಮ್ಮೂರ ಬಯಲಾಟದ ಹಾಗೆ. ದುಶ್ಶಾಸನ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು, ಆದರೂ ಬೆಳಗಿನ ತನಕ ಯಾರೂ ಏಳುವುದಿಲ್ಲ.

ಸಿನಿಮಾದ ವಿಷಯ ಬಂತಲ್ಲ, ಒಂದು ಗಮನಿಸಿದ್ದೀರಾ? 1984ರ ಸಿನಿಮಾ ಶುರುವಾಗುವುದೇ ಇರುಲನ್ ಮುಖದಿಂದ. 2021ರದ್ದರಲ್ಲಿ ಅವಳು ಇಲ್ಲವೇ ಇಲ್ಲ, ಕಥೆ ಹೇಳಲು ಶುರು ಮಾಡುವವಳು ಚಾನಿ. 2024ರ ಎರಡನೇ ಭಾಗ ಮತ್ತೆ ಇರುಲನ್ ದಿನಚರಿಯಿಂದ ಶುರು. ಚಾನಿ ಹೇಳುವಾಗ ಅದು ನೆಲ ಕಳೆದುಕೊಂಡವರ ಕಥೆ. ಇರುಲನ್ ಹೇಳುವಾಗ ಅರಮನೆಯ ಲೆಕ್ಕಾಚಾರ. ಗ್ರಹ ಅದೇ, ಮರಳು ಅದೇ.

ನವನಗರದ ಮಾಸ್ತರ (ಬಾಗಲಕೋಟೆ)

ನಾನು ಈ ಬಾಹ್ಯಾಕಾಶದ ಪುಸ್ತಕಗಳನ್ನು ಓದಿದವನಲ್ಲ. ಮೊಮ್ಮಗಳು ಈ ಚರ್ಚೆ ತೋರಿಸಿದಳು. ಆದರೆ ನೀವು ಹೇಳುತ್ತಿರುವ ಕಸುಬು ನನಗೆ ಹೊಸದಲ್ಲ. ಮೂವತ್ತು ವರ್ಷ ಇತಿಹಾಸ ಕಲಿಸಿದ್ದೇನೆ.

ಐಹೊಳೆಯ ಮೇಗುತಿ ಗುಡಿಗೆ ಹೋಗಿದ್ದೀರಾ? ಗುಡ್ಡದ ಮೇಲಿದೆ, ಕೆಳಗಿನ ದುರ್ಗದ ಗುಡಿ ನೋಡಿ ಹೆಚ್ಚಿನವರು ವಾಪಸ್ ಬರುತ್ತಾರೆ. ಅಲ್ಲಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನ. ಬರೆದವನು ರವಿಕೀರ್ತಿ. ಇಮ್ಮಡಿ ಪುಲಕೇಶಿಯ ಮನೆತನ, ದಂಡಯಾತ್ರೆ ಎಲ್ಲ ಅದರಲ್ಲಿದೆ. ಹರ್ಷನ ಹರ್ಷವೇ ಇಳಿದುಹೋಯಿತು ಅಂತ ಶ್ಲೇಷೆ ಮಾಡಿ ನಗುತ್ತಾನೆ. ಕೊನೆಗೆ ತನ್ನ ಕೀರ್ತಿ ಕಾಳಿದಾಸ, ಭಾರವಿ ಅವರಿಗೆ ಸಮ ಅಂತ ತನ್ನ ಬೆನ್ನನ್ನೂ ತಟ್ಟಿಕೊಳ್ಳುತ್ತಾನೆ!

ಇದು ಹೊಗಳಿಕೆಯ ಪದ್ಯ, ನಿಜ. ಆದರೆ ಮನೆಯ ಜಗಳವನ್ನು ಅವನು ಮುಚ್ಚಿಟ್ಟಿಲ್ಲ. ಚಿಕ್ಕಪ್ಪ ಮಂಗಳೇಶ ತನ್ನ ಮಗನಿಗೆ ಪಟ್ಟ ಕಟ್ಟಲು ಹೋಗಿ ಪ್ರಾಣ ಕಳೆದುಕೊಂಡ ಅನ್ನುವುದು ಅದರಲ್ಲೇ ಇದೆ. ಹೇಳುವ ರೀತಿ ಮಾತ್ರ ಗೆದ್ದವನದು. ಮಂಗಳೇಶನ ಕಡೆಯ ಕವಿ ಬರೆದಿದ್ದರೆ ಅದೇ ಸಂಗತಿ ಬೇರೆ ಬಣ್ಣದಲ್ಲಿ ಬರುತ್ತಿತ್ತು.

ಮುಂದೆ ಎಂಟೇ ವರ್ಷ. 642ರಲ್ಲಿ ಪಲ್ಲವ ನರಸಿಂಹವರ್ಮ ಬಂದು ಬಾದಾಮಿ ಹಿಡಿದ. ಅವನ ಶಾಸನ ಬಾದಾಮಿಯ ಬಂಡೆಯ ಮೇಲೇ ಇದೆ. ಚಾಲುಕ್ಯರ ಕಲ್ಲು, ಪಲ್ಲವರ ಅಕ್ಷರ.

ರನ್ನನ ಗದೆ (ಮುಧೋಳ)

ಮಾಸ್ತರ, ನಮ್ಮೂರನ್ನು ಬಿಟ್ಟಿರಲ್ಲ! ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿ ಆದ ರನ್ನ ನಮ್ಮ ಮುಧೋಳದವನು. ಗದಾಯುದ್ಧದಲ್ಲಿ ಭೀಮ ಅಂದರೆ ದೊರೆ ಸತ್ಯಾಶ್ರಯನೇ ಅಂತ ಸಮೀಕರಿಸಿದ. ಸಂಬಳ ಕೊಡುವವನು ಕಥಾನಾಯಕ. ಸರಿ. ಆದರೆ ಓದಿ ಮುಗಿಸಿದ ಮೇಲೆ ಯಾರು ಮನಸ್ಸಿನಲ್ಲಿ ಉಳಿಯುತ್ತಾರೆ ಹೇಳಿ? ದುರ್ಯೋಧನ! ರಣರಂಗದಲ್ಲಿ ಸತ್ತವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ ಅಳುತ್ತಾನಲ್ಲ, ಅಲ್ಲಿ ರನ್ನ ದೊರೆಯನ್ನು ಮರೆತೇಬಿಟ್ಟಿದ್ದಾನೆ ಅನ್ನಿಸುತ್ತದೆ.

ಇರುಲನ್ ಹಾಗೆ ಮಾಡಿದ್ದಾಳಾ? ದೊರೆಗೆ ಕೊಡಬೇಕಾದ್ದನ್ನು ಕೊಟ್ಟು, ಮನಸ್ಸನ್ನು ಬೇರೆ ಕಡೆ ಇಟ್ಟಿದ್ದಾಳಾ?

ಇಂಡಿ ನಿಂಬೆ

ಇಬ್ಬರೂ ಬಾಗಲಕೋಟೆ ಜಿಲ್ಲೆಯವರು ಸೇರಿ ಬಾಹ್ಯಾಕಾಶವನ್ನು ಮಲಪ್ರಭೆಯ ದಂಡೆಗೆ ತಂದುಬಿಟ್ಟಿರಿ.

ರನ್ನನ ಗದೆ

ಘಟಪ್ರಭೆಯನ್ನೂ ಸೇರಿಸಿಕೊಳ್ರೀ, ಮುಧೋಳ ಇರುವುದು ಅಲ್ಲಿ.

ಗುಮ್ಮಟದ ಪಾರಿವಾಳ

ವಿಜಯಪುರದವನು ಸುಮ್ಮನಿದ್ದರೆ ಹೇಗೆ? ನಮ್ಮಲ್ಲಿ ಫಿರಿಷ್ತಾ ಇದ್ದಾನೆ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಕೂತು ಫಾರ್ಸಿಯಲ್ಲಿ ದೊಡ್ಡ ಇತಿಹಾಸ ಬರೆದವನು. ಆದಿಲ್‌ಶಾಹಿ ಮನೆತನ ಶುರು ಮಾಡಿದ ಯೂಸುಫ್‌ನ ಬಗ್ಗೆ ಅವನು ಹೇಳುವ ಕಥೆ ಕೇಳಿ. ಯೂಸುಫ್ ತುರ್ಕಿ ಸುಲ್ತಾನನ ಮಗ. ಪಟ್ಟಕ್ಕೆ ಅಣ್ಣ ಬಂದಾಗ ತಮ್ಮನನ್ನು ಕೊಲ್ಲುವ ಪದ್ಧತಿ. ತಾಯಿ ಅವನ ಜಾಗದಲ್ಲಿ ಬೇರೊಬ್ಬ ಗುಲಾಮ ಹುಡುಗನನ್ನು ಇಟ್ಟು, ಮಗನನ್ನು ವ್ಯಾಪಾರಿಯ ಜೊತೆ ಇರಾನಿಗೆ ಸಾಗಿಸಿದಳು. ಅಲ್ಲಿಂದ ಮುಂದೆ ದಖ್ಖನಿಗೆ. ಈಗಿನ ಇತಿಹಾಸಕಾರರು ಹೆಚ್ಚಿನವರು ಇದನ್ನು ನಂಬುವುದಿಲ್ಲ. ಬಹಮನಿಗಳ ಕೈಕೆಳಗೆ ಮೇಲೆ ಬಂದ ಒಬ್ಬ ಗಟ್ಟಿ ಸರದಾರ, ಅಷ್ಟೇ ಸಾಕಿತ್ತು. ಆದರೆ ರಾಜಮನೆತನ ಆದ ಮೇಲೆ ಮೂಲಪುರುಷನಿಗೂ ರಾಜರಕ್ತ ಬೇಕಾಯಿತು.

ನನಗೆ ತಟ್ಟಿದ್ದು ಬದಲಿಗೆ ಸತ್ತ ಆ ಗುಲಾಮ ಹುಡುಗ. ಕಥೆ ಸುಳ್ಳೇ ಇರಬಹುದು. ಆದರೆ ಕಥೆಯೊಳಗೂ ಅವನಿಗೆ ಒಂದು ಸಾಲು ದಾಟಿ ಜಾಗ ಇಲ್ಲ.

ಅಕ್ಕ, ಎರಡನೇ ಪುಸ್ತಕದ ಗುಟ್ಟು ಬಿಡಿ. ನನಗೆ ಬೇಸರ ಇಲ್ಲ. ಅರ್ಧ ಓದಿದ ಅಣ್ಣ ಕಣ್ಣು ಮುಚ್ಚಿಕೊಳ್ಳಲಿ.

ಕುಂದಾನಗರಿ

ಹಾಗಾದರೆ ಕೇಳು.

ಪಾಲ್ ಚಕ್ರವರ್ತಿಯಾಗಿ ಹನ್ನೆರಡು ವರ್ಷ. ಅವನ ಹೆಸರಿನಲ್ಲಿ ನಡೆದ ಧರ್ಮಯುದ್ಧದಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತಿದ್ದಾರೆ. ಚಾನಿಗೆ ಮಕ್ಕಳಾಗಿಲ್ಲ. ಯಾಕೆ ಅಂದರೆ ನಮ್ಮ ಇರುಲನ್ ಗುಟ್ಟಾಗಿ ಅವಳ ಊಟದಲ್ಲಿ ಗರ್ಭ ನಿಲ್ಲದ ಹಾಗೆ ಮದ್ದು ಬೆರೆಸುತ್ತಿದ್ದಾಳೆ! ಸಿಂಹಾಸನಕ್ಕೆ ಬರುವ ಮಗು ತನ್ನದಾಗಬೇಕು ಅಂತ ಅವಳ ಆಸೆ. ಪಾಲ್‌ನನ್ನು ಕೆಡವಲು ನಡೆದ ಸಂಚಿನಲ್ಲೂ ಇವಳ ಕೈ ಇದೆ. ಆಮೇಲೆ ಚಾನಿ ತನ್ನ ಜನರ ಹಳೇ ಪಥ್ಯದ ಊಟಕ್ಕೆ ತಿರುಗುತ್ತಾಳೆ, ಗರ್ಭ ನಿಲ್ಲುತ್ತದೆ, ಅವಳಿ ಹೆತ್ತು ಸಾಯುತ್ತಾಳೆ. ಮುಂದಾಗುವುದನ್ನು ಕಾಣಬಲ್ಲ ಪಾಲ್‌ಗೆ ಇದು ಮೊದಲೇ ಕಂಡಿತ್ತು. ಹೆರಿಗೆಯಲ್ಲೇ ಚಾನಿಯ ಸಾವು ಅಂತ ಗೊತ್ತಿದ್ದವನು ಇರುಲನ್ ಹಾಕಿದ ಮದ್ದಿನಿಂದ ಚಾನಿ ಅಷ್ಟು ವರ್ಷ ಜಾಸ್ತಿ ಬದುಕಿದಳು ಅಂದುಕೊಳ್ಳುತ್ತಾನೆ. ಈ ಲೆಕ್ಕ ಹೇಗಿದೆ ನೋಡು.

ಸಂಚಿನಲ್ಲಿ ಇದ್ದ ಉಳಿದವರೆಲ್ಲ ಸಾಯುತ್ತಾರೆ. ಇರುಲನ್ ಉಳಿಯುತ್ತಾಳೆ. ಇಷ್ಟು ದಿನ ನನಗೇ ತಿಳಿಯದೆ ಅವನನ್ನು ಪ್ರೀತಿಸಿದೆ ಅನ್ನುತ್ತಾಳೆ. ತಾನು ಹುಟ್ಟಬಾರದು ಅಂತ ತಡೆದ ಆ ಮಕ್ಕಳನ್ನೇ ಕಲಿಸಿ ಬೆಳೆಸುವ ಕೆಲಸಕ್ಕೆ ನಿಲ್ಲುತ್ತಾಳೆ.

ಈಗ ಮೊದಲ ಪುಸ್ತಕದ ತಲೆಬರಹಗಳನ್ನು ಮತ್ತೆ ತೆಗೆ. ಮದ್ದಿನ ಸುಳಿವು ಎಲ್ಲಾದರೂ ಇದೆಯಾ? ಇಲ್ಲ. ಅಪ್ಪನ ತಪ್ಪು ಬರೆದಳು. ಯೂವೆಯ ದ್ರೋಹ ಬರೆದಳು. ತನ್ನದು?

ಡೋಣಿ ದಂಡೆ

ಅಕ್ಕಾರ, ಇದು ಸ್ವಲ್ಪ ಅನ್ಯಾಯ. ತಲೆಬರಹದಲ್ಲಿ ನಮಗೆ ಸಿಗುವುದು ಅವಳ ಪುಸ್ತಕಗಳ ಚೂರು. ಪೂರ್ತಿ ಪುಸ್ತಕ ಎಲ್ಲಿದೆ? ಯಾವ ಚೂರು ಹಾಕಬೇಕು ಅಂತ ಆರಿಸಿದವನು ಫ್ರಾಂಕ್ ಹರ್ಬರ್ಟ್. ಹಳ್ಳಿ ಗೋಡೆಯ ಮೇಲೆ ಅರ್ಧ ಹರಿದ ಪೋಸ್ಟರ್ ನೋಡಿ ಇಡೀ ನಾಟಕಕ್ಕೆ ವಿಮರ್ಶೆ ಬರೆದ ಹಾಗಾಯಿತು.

ಬೇರೆ ಮಾತು. ಆ ಗ್ರಹದಲ್ಲಿ ಬೆವರನ್ನೂ ಹಿಡಿದು ಕುಡಿಯುವ ಅಂಗಿ ಹಾಕುತ್ತಾರಲ್ಲ, ಅದನ್ನು ಓದುವಾಗ ನನಗೆ ನಗು ಬಂತು. ನಮ್ಮ ಕಡೆ ಟ್ಯಾಂಕರ್ ಬರುವ ದಿನ ಇಡೀ ಓಣಿ ಕೊಡ ಹಿಡಿದು ನಿಂತಿದ್ದು ನೆನಪಾಯಿತು. ಪಾತ್ರೆ ತೊಳೆದ ನೀರು ಗಿಡಕ್ಕೆ, ಅಕ್ಕಿ ತೊಳೆದ ನೀರು ಎಮ್ಮೆಗೆ. ನಮ್ಮವ್ವ ಆ ಗ್ರಹದಲ್ಲಿ ಆರಾಮಾಗಿ ಬಾಳುತ್ತಿದ್ದಳು.

ಖಾನಾಪುರದ ಮಳೆ

ನಮ್ಮಲ್ಲಿ ಜುಲೈನಲ್ಲಿ ಬನ್ನಿ. ಅಂಗಿ ಹಿಂಡಿದರೆ ಒಂದು ಕೊಡ.

ಗುಮ್ಮಟದ ಪಾರಿವಾಳ

ಡೋಣಿ ಅಣ್ಣ, ಆದಿಲ್‌ಶಾಹಿಗಳು ಇದೇ ಊರಿಗೆ ಬೇಗಂ ತಲಾಬದಿಂದ ಮಣ್ಣಿನ ಕೊಳವೆಯಲ್ಲಿ ನೀರು ತಂದಿದ್ದರು. ತಾಜ್ ಬಾವಡಿ 1620ರದ್ದು. ಅದನ್ನು ಕಟ್ಟಿಸಿದ ಸುಲ್ತಾನನ ಹೆಸರು ನಮಗೆ ಗೊತ್ತು. ಬಾವಿ ತೋಡಿದವರದು ಯಾವ ಪುಸ್ತಕದಲ್ಲಿದೆ?

ನಿರ್ವಾಹಕ

ನೀರಿನ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಇರುಲನ್.

ಆಲಮಟ್ಟಿ ಹಿನ್ನೀರು (ಬಾಗಲಕೋಟೆ)

ನಿರ್ವಾಹಕರೇ, ಕ್ಷಮಿಸಿ, ನಾನೂ ನೀರಿನಿಂದಲೇ ಶುರು ಮಾಡಬೇಕು. ಆದರೆ ವಿಷಯಕ್ಕೆ ಬರುತ್ತೇನೆ.

ನಮ್ಮ ಊರು ಮುಳುಗಡೆಗೆ ಹೋಯಿತು. ಪರಿಹಾರ ಬಂತು, ಪುನರ್ವಸತಿ ಕೇಂದ್ರದಲ್ಲಿ ಸೈಟು ಬಂತು. ಆದರೆ ಅಣ್ಣ ತಮ್ಮಂದಿರು ಒಬ್ಬೊಬ್ಬರು ಒಂದೊಂದು ದಿಕ್ಕು. ಕೆಲವು ವರ್ಷ ಆದ ಮೇಲೆ ಒಂದು ದಿನ ನಮ್ಮ ಹೊಸ ಮನೆಯ ಮುಂದೆ ಹೆಳವರು ಬಂದು ನಿಂತರು. ಬೆಂಗಳೂರು ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ಹೆಳವರು ಅಂದರೆ ಮನೆತನದ ವಂಶಾವಳಿ ಓದುವವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು. ಮೂರು ನಾಲ್ಕು ವರ್ಷಕ್ಕೊಮ್ಮೆ ಬಂದು, ಯಾರಿಗೆ ಯಾರು ಹುಟ್ಟಿದರು ಅಂತ ಹತ್ತು ತಲೆಮಾರು ಹೇಳಿ, ಹೊಸ ಮಕ್ಕಳ ಹೆಸರು ಬರೆದುಕೊಂಡು, ಕಾಳು ಕಡಿ, ಬಟ್ಟೆ, ದುಡ್ಡು ತೆಗೆದುಕೊಂಡು ಹೋಗುವುದು ಅವರ ಪದ್ಧತಿ.

ಅವರು ಹಳೇ ಊರಿನ ದಾರಿ ಹಿಡಿದು ಹೋಗಿ ನೀರು ನೋಡಿ ವಾಪಸ್ ಬಂದಿದ್ದರು. ಆಮೇಲೆ ಕೇಳುತ್ತಾ ಕೇಳುತ್ತಾ ಒಂದೊಂದೇ ಮನೆ ಹುಡುಕಿದ್ದರು. ಅವತ್ತು ನಮ್ಮ ದೊಡ್ಡಪ್ಪನ ಮಕ್ಕಳು ಎಲ್ಲಿದ್ದಾರೆ ಅಂತ ನಮಗೇ ಸರಿಯಾಗಿ ಗೊತ್ತಿರಲಿಲ್ಲ, ಅವರ ಪುಸ್ತಕದಲ್ಲಿತ್ತು!

ನಾನು ಕೇಳಿದೆ, ಅಜ್ಜಾ, ಎಲ್ಲ ಮನೆಯಲ್ಲೂ ಒಳ್ಳೆಯದನ್ನೇ ಓದುತ್ತೀರಲ್ಲ, ಕೆಟ್ಟದ್ದೇನೂ ನಡೆದಿಲ್ಲವಾ? ನಕ್ಕುಬಿಟ್ಟರು. ನಡೆದಿದ್ದೆಲ್ಲ ಗೊತ್ತು, ಅಂಗಳದಲ್ಲಿ ನಿಂತು ಓದುವುದು ಹೆಸರು ಮಾತ್ರ ಅಂದರು.

ರನ್ನನ ಗದೆ

ಹೆಳವರನ್ನು ಇರುಲನ್‌ಗೆ ಹೋಲಿಸುವುದು ಸರಿಯಲ್ಲ. ಅವರು ಸಾವಿರ ಮನೆಯ ಲೆಕ್ಕ ಇಡುತ್ತಾರೆ, ಒಂದು ಮನೆಯ ಮರ್ಜಿಯಲ್ಲಿ ಇಲ್ಲ. ಇರುಲನ್ ಅದೇ ಮನೆಯ ಸೊಸೆ.

ಆಲಮಟ್ಟಿ ಹಿನ್ನೀರು

ಕಾಳು ಕೊಡದ ಮನೆಯ ಮುಂದೆ ಅವರು ಏನು ಓದುತ್ತಾರೆ ಅಂತ ಒಮ್ಮೆ ಕೇಳಿಸಿಕೊಳ್ಳಿ, ಆಮೇಲೆ ಮಾತಾಡೋಣ.

ಕುಂದಾನಗರಿ

ಸೊಸೆ ಅಂದಿರಲ್ಲ, ಅದನ್ನೇ ಹಿಡಿದು ಹೇಳುತ್ತೇನೆ. ಮೂರನೇ ಪುಸ್ತಕದ ತಲೆಬರಹಗಳಲ್ಲಿ ಹರ್ಕ್ ಅಲ್-ಅದಾ ಅನ್ನುವ ಇನ್ನೊಬ್ಬ ಬರಹಗಾರ ಬರುತ್ತಾನೆ. ಯಾರು ಅಂತ ಕೊನೆಯ ತನಕ ಗೊತ್ತಾಗುವುದಿಲ್ಲ. ಕೊನೆಗೆ ನೋಡಿದರೆ ಅವನು ಫರಾದಿನ್, ಇರುಲನ್‌ಳ ತಂಗಿಯ ಮಗ! ಪದವಿ ಕಳೆದುಕೊಂಡ ಚಕ್ರವರ್ತಿಯ ಮೊಮ್ಮಗ. ಪಾಲ್‌ನ ಮಗನ ಆಸ್ಥಾನದಲ್ಲಿ ಬರಹಗಾರನಾಗಿ ಕೂರುತ್ತಾನೆ.

ಅಂದರೆ ಗೆದ್ದ ಅಟ್ರೈಡಿಸ್ ಮನೆಯ ಚರಿತ್ರೆ ಬರೆದ ಇಬ್ಬರೂ ಸೋತ ಚಕ್ರವರ್ತಿಯ ಕೊರಿನೊ ಮನೆಯವರು. ಚರಿತ್ರೆ ಬರೆಯುವವರು ಗೆದ್ದವರು ಅಂತ ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಇಲ್ಲಿ ಗೆದ್ದವರು ಬರೆಯಲಿಲ್ಲ. ಸೋತವರನ್ನು ಮನೆಯೊಳಗೆ ಕೂರಿಸಿ ಬರೆಸಿದರು. ಖಡ್ಗ ಕಿತ್ತುಕೊಂಡು ಲೆಕ್ಕಣಿಕೆ ಕೊಟ್ಟರು.

ಬೇರೆ ಥರ ಬರೆದವನ ಗತಿ ಏನು? ಎರಡನೇ ಪುಸ್ತಕ ಶುರುವಾಗುವುದೇ ಬ್ರಾನ್ಸೊ ಅನ್ನುವ ಇತಿಹಾಸಕಾರನ ಜೊತೆ. ಅವನು ಮಾತಾಡುತ್ತಿರುವುದು ಮರಣದಂಡನೆಯ ಕೋಣೆಯಿಂದ.

ಇಂಡಿ ನಿಂಬೆ

ನಾನು ಮೊದಲ ಸಾಲಿನಲ್ಲೇ ಹೇಳಿದ್ದೆ. ಹೊಟ್ಟೆಪಾಡು. ಜೊತೆಗೆ ಕುತ್ತಿಗೆ.

ಅರ್ಧ ಓದಿದವ

ಕಣ್ಣು ಮುಚ್ಚಿಕೊಂಡಿದ್ದೆ. ಬೆರಳಿನ ಸಂದಿಯಿಂದ ಎಲ್ಲ ಕಾಣಿಸಿತು.

ನವನಗರದ ಮಾಸ್ತರ

ಪಾರಿವಾಳ ಅವರೇ, ಒಂದು ಕೇಳಲಾ? ಕಾದಂಬರಿಯ ಪಾತ್ರದ ಮೇಲೆ ಜನ ಜಗಳ ಆಡುವುದು ಗೊತ್ತು. ನಿಮ್ಮ ಪ್ರಶ್ನೆಯಲ್ಲಿ ಬೇರೇನೋ ಇದೆ. ಗುಲಾಮ ಹುಡುಗ, ಬಾವಿ ತೋಡಿದವರು ಅಂತ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತೀರಿ. ಏನಾಗಿದೆ?

ಗುಮ್ಮಟದ ಪಾರಿವಾಳ

ಮಾಸ್ತರ, ಸಿಕ್ಕಿಬಿದ್ದೆ.

ಊರು, ಹೆಸರು ಹೇಳುವುದಿಲ್ಲ. ನಮ್ಮ ಕಡೆಯ ಒಂದು ದೊಡ್ಡ ಮನೆತನ. ಯಜಮಾನರಿಗೆ ಎಪ್ಪತ್ತೈದು ತುಂಬುತ್ತದೆ. ಮಕ್ಕಳು ಅಭಿನಂದನ ಗ್ರಂಥ ಮಾಡಿಸುತ್ತಿದ್ದಾರೆ. ನಾನು ಡಿಟಿಪಿ ಮಾಡುವವನು. ಮೊದಲು ಲೇಖನ ತಂದು ಕೊಟ್ಟರು. ಆಮೇಲೆ ಇದನ್ನು ಸ್ವಲ್ಪ ತಿದ್ದಿ ಅಂದರು. ಆಮೇಲೆ ಮನೆತನದ ಇತಿಹಾಸ ನೀನೇ ಬರೆದುಬಿಡು, ನಿನಗೆ ಅಕ್ಷರ ಚೆನ್ನಾಗಿದೆ ಅಂದರು. ನಲವತ್ತು ಪುಟ ಬರೆದೆ. ದುಡ್ಡಿನಲ್ಲಿ ಏನೂ ಮೋಸ ಇಲ್ಲ, ಮುಂಗಡ ಕೊಟ್ಟಿದ್ದಾರೆ, ಹೋದಾಗೆಲ್ಲ ಊಟ ಹಾಕುತ್ತಾರೆ.

ಒಂದು ಹಳೇ ಫೋಟೋ ಇದೆ. ವಾಡೆಯ ಕಟ್ಟೆಯ ಮೇಲೆ ಯಜಮಾನರ ಅಪ್ಪ, ಹೆಂಡತಿ, ಮಕ್ಕಳು, ಆಳುಗಳು. ಆರೇಳು ವರ್ಷದ ಹುಡುಗನಾಗಿ ಯಜಮಾನರೂ ಇದ್ದಾರೆ. ಬಲತುದಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಹುಡುಗ ಹಿಡಿದಿರುವುದು ಅವಳ ಸೀರೆಯ ಸೆರಗನ್ನು. ಇದು ಯಾರು ಅಂದೆ. ಹಿರಿಯ ಮಗ, ಆ ಫೋಟೋ ಅಷ್ಟು ಕಟ್ ಮಾಡಿ ಹಾಕಿ ಅಂದ.

ಆಮೇಲೆ ಅಡುಗೆಮನೆಯ ಕಡೆಯಿಂದ ಒಬ್ಬ ಅಜ್ಜಿ ಹೇಳಿದರು. ಯಜಮಾನರ ಅಪ್ಪನ ಜೊತೆ ಇದ್ದವಳು ಅವಳು. ತಾಳಿ ಕಟ್ಟಿದವಳು ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ ಮನೆ ನಡೆಸಿದ್ದು, ಮಕ್ಕಳನ್ನು ಬೆಳೆಸಿದ್ದು ಎಲ್ಲ ಇವಳೇ. ಜನ ಏನೇನೋ ಹೆಸರಿನಿಂದ ಕರೆಯುತ್ತಿದ್ದರಂತೆ. ನನ್ನ ನಲವತ್ತು ಪುಟದಲ್ಲಿ ಅವಳು ಎಲ್ಲೂ ಇಲ್ಲ.

ಅದೇ ವಾರ ನಾನು ಇರುಲನ್ ಓದುತ್ತಿದ್ದೆ.

ಇಂಡಿ ನಿಂಬೆ

ಅಯ್ಯೋ. ಇರುಲನ್ ನೀವೇ!

ಕುಂದಾನಗರಿ

ಮತ್ತೆ ಫೋಟೋದವಳು ಚಾನಿ. ತಮ್ಮಾ, ಕಟ್ ಮಾಡಬೇಡ.

ಡೋಣಿ ದಂಡೆ

ಹೇಳುವುದು ಸುಲಭ ಅಕ್ಕಾರ. ಅವರ ಹುಳುಕು ಇರುವುದು ಮಾನದಲ್ಲಿ ಅಲ್ಲ, ಆಸ್ತಿಯಲ್ಲಿ. ಆ ಹೆಂಗಸಿಗೆ ಮಕ್ಕಳಿದ್ದರಾ? ಇದ್ದರೆ ನಾಳೆ ಈ ಪುಸ್ತಕ ಹಿಡಿದು ವಾಟ್ನಿ, ಅಂದರೆ ಆಸ್ತಿಯ ಪಾಲು, ಕೇಳಲು ಬರುತ್ತಾರೆ ಅನ್ನುವ ಹೆದರಿಕೆ. ಅಭಿನಂದನ ಗ್ರಂಥ ಅಂದರೆ ಹೊಲದ ದಾಖಲೆಯ ಉತಾರಿ ಅಲ್ಲ, ಹಾಗೆ ಅದರಿಂದ ಹೊಲ ಬರುವುದಿಲ್ಲ. ಆದರೆ ಹೆದರಿಕೆಗೆ ಕಾಯಿದೆ ಗೊತ್ತಿರುವುದಿಲ್ಲ.

ಗುಮ್ಮಟದ ಪಾರಿವಾಳ

ಮಕ್ಕಳಿರಲಿಲ್ಲವಂತೆ.

ನವನಗರದ ಮಾಸ್ತರ

ಅವಳದ್ದು ಉಡಿಕಿಯೂ ಆಗಿರಬಹುದು. ಗಂಡ ಸತ್ತವಳು ಇನ್ನೊಬ್ಬನ ಕೈಹಿಡಿಯುವ ಪದ್ಧತಿ ನಮ್ಮ ಕಡೆ ಹಲವು ಸಮುದಾಯಗಳಲ್ಲಿ ಇತ್ತು. ತಿಳಿಯದೆ ನಾವೇ ಅವಳಿಗೆ ಕೆಟ್ಟ ಹೆಸರು ಕೊಡುವುದು ಬೇಡ. ಆ ಅಜ್ಜಿಯನ್ನು ಇನ್ನೊಮ್ಮೆ ಕೂರಿಸಿ ಕೇಳಿ. ಮೊದಲು ಹೆಸರು ಕೇಳಿ. ಸಂಬಂಧ ಆಮೇಲೆ.

ರನ್ನನ ಗದೆ

ನಾನು ವಿರುದ್ಧ ಮಾತಾಡುತ್ತೇನೆ. ದುಡ್ಡು ಕೊಟ್ಟವರ ಮನೆಯ ಪುಸ್ತಕ. ಅವರಿಗೆ ಬೇಡ ಅಂದದ್ದನ್ನು ತುರುಕುವುದು ನಿಮ್ಮ ಕೆಲಸವಲ್ಲ. ನಾಳೆ ಆ ಹೆಂಗಸಿನ ತವರಿನವರೇ ಬಂದು ನಮ್ಮ ಹುಡುಗಿಯನ್ನು ಯಾಕೆ ಬಜಾರಿಗೆ ತಂದಿರಿ ಅಂದರೆ? ಹೊರಗೆ ನಿಂತು ನ್ಯಾಯ ಹೇಳುವುದು ಸುಲಭ. ಒಪ್ಪಿಗೆ ಇಲ್ಲದಿದ್ದರೆ ಕೆಲಸ ವಾಪಸ್ ಕೊಡಿ, ಮುಂಗಡವನ್ನೂ.

ಕುಂದಾನಗರಿ

ರನ್ನನ ಊರಿನವರು ಹೇಳುವ ಮಾತಾ ಇದು? ದೊರೆಯ ಕಾವ್ಯದಲ್ಲಿ ದುರ್ಯೋಧನನಿಗೆ ಜಾಗ ಸಿಕ್ಕಿತು, ಮನೆ ನಡೆಸಿದವಳಿಗೆ ಒಂದು ಫೋಟೋದ ತುದಿಯೂ ಬೇಡವಾ?

ರನ್ನನ ಗದೆ

ನನ್ನ ಮಾತನ್ನೇ ತಿರುಗಿಸಿ ಹೊಡೆದಿರಿ. ಸರಿ. ಆದರೆ ರನ್ನನಿಗೆ ಪ್ರೆಸ್ಸಿನ ಬಾಡಿಗೆ ಇರಲಿಲ್ಲ.

ಖಾನಾಪುರದ ಮಳೆ

ಪ್ರೆಸ್ಸಿನವರು ಅಂದದ್ದಕ್ಕೆ ನೆನಪಾಯಿತು. ಡ್ಯೂನ್ ಪುಸ್ತಕವನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡ ಅಂದಿದ್ದರು. 1965ರಲ್ಲಿ ಕೊನೆಗೆ ಅಚ್ಚು ಹಾಕಿದ್ದು ಚಿಲ್ಟನ್ ಅನ್ನುವ ಕಂಪನಿ. ಅವರಿಗೆ ಹೆಸರು ಇದ್ದದ್ದು ಕಾರು ರಿಪೇರಿ ಪುಸ್ತಕಗಳಿಗೆ! ಹಾಗಾಗಿ ಮದುವೆ ಕಾರ್ಡಿನ ಪ್ರೆಸ್ಸು ಅಂತ ಬೇಸರ ಬೇಡ.

ಆಲಮಟ್ಟಿ ಹಿನ್ನೀರು

ಒಂದು ಉಪಾಯ. ನಮ್ಮ ಹೆಳವರು ಮಾಡಿದಂತೆ ಮಾಡಿ. ಯಾರ ಮುಂದೆಯೂ ಸಂಬಂಧ ಬರೆಯಬೇಡಿ. ಎಡದಿಂದ ಬಲಕ್ಕೆ ಅಂತ ಹಾಕಿ ಎಲ್ಲರ ಹೆಸರನ್ನೂ ಸಾಲಾಗಿ ಕೊಡಿ, ಆಳುಗಳದ್ದೂ ಸೇರಿಸಿ. ಆ ಸಾಲಿನಲ್ಲಿ ಅವಳ ಹೆಸರೂ ಇರುತ್ತದೆ. ಪ್ರೂಫನ್ನು ಮಕ್ಕಳಿಗೆ ಕೊಡಬೇಡಿ, ಯಜಮಾನರಿಗೇ ಕೊಡಿ. ಸೆರಗು ಹಿಡಿದಿದ್ದು ಅವರು ತಾನೆ?

ಗುಮ್ಮಟದ ಪಾರಿವಾಳ

ನೋಡುತ್ತೇನೆ ಅಣ್ಣ. ಹೆಸರು ಸಿಗಲಿ ಮೊದಲು.

ಅರ್ಧ ಓದಿದವ

ನಾನು ಪುಸ್ತಕ ಮುಗಿಸಿದೆ. ಎಲ್ಲ ಗೊತ್ತಿದ್ದೂ ಕೊನೆಯ ಪುಟದಲ್ಲಿ ಗಂಟಲು ಕಟ್ಟಿತು. ಹೆಂಡತಿ ಅನ್ನುವ ಹೆಸರು ಯಾರಿಗೆ ಉಳಿಯುತ್ತದೆ ಅಂತ ಪಾಲ್‌ನ ತಾಯಿ ಚಾನಿಗೆ ಹೇಳುವ ಮಾತಿಗೆ ಪುಸ್ತಕ ನಿಲ್ಲುತ್ತದಲ್ಲ. ಆ ತಾಯಿಗೂ ಮದುವೆ ಆಗಿರಲಿಲ್ಲ ಅನ್ನುವುದು ಆಗ ನೆನಪಾಯಿತು.

ಗುಮ್ಮಟದ ಪಾರಿವಾಳ

ಹನ್ನೊಂದು ದಿನ ಆಯಿತು. ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ.

ಅಜ್ಜಿ ಹೆಸರು ಹೇಳಿದರು. ಎಡದಿಂದ ಬಲಕ್ಕೆ ಹದಿನಾಲ್ಕು ಹೆಸರು ಹಾಕಿದೆ, ಎತ್ತು ಹಿಡಿದು ನಿಂತವನದ್ದೂ ಸೇರಿ. ಒಬ್ಬನ ಹೆಸರು ಯಾರಿಗೂ ಗೊತ್ತಾಗಲಿಲ್ಲ. ಪ್ರೂಫ್ ತೆಗೆದುಕೊಂಡು ಮಧ್ಯಾಹ್ನ ಹೋದೆ, ಮಕ್ಕಳು ಹೊಲದ ಕಡೆ ಹೋಗಿದ್ದ ಹೊತ್ತು ನೋಡಿ. ಯಜಮಾನರು ಕನ್ನಡಕ ಹಾಕಿಕೊಂಡು ಪುಟ ಪುಟ ನೋಡಿದರು. ನನ್ನ ಕಾಗುಣಿತದ ಎರಡು ತಪ್ಪು ಹಿಡಿದರು. ಫೋಟೋದ ಪುಟ ಬಂದಾಗ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಚಹಾ ಆರಿತು.

ಆಮೇಲೆ ಪೆನ್ನು ಕೇಳಿದರು. ಹದಿನಾಲ್ಕನೇ ಹೆಸರಿನ ಮುಂದೆ ಚಿಗವ್ವ ಅಂತ ಬರೆದು ಪ್ರೂಫ್ ವಾಪಸ್ ಕೊಟ್ಟರು.

ಮಕ್ಕಳು ಇನ್ನೂ ನೋಡಿಲ್ಲ. ಸೋಮವಾರ ಅಚ್ಚಿನ ಪ್ಲೇಟಿಗೆ ಹೋಗಬೇಕು.

ರನ್ನನ ಗದೆ

ಆ ಕೈಬರಹದ ಪ್ರೂಫನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಸೋಮವಾರ ಬೇಕಾಗುತ್ತದೆ.

ಇಂಡಿ ನಿಂಬೆ

ಒಂದು ಪ್ರತಿ ನನಗೆ. ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ.

ಅರ್ಧ ಓದಿದವ

ಡ್ಯೂನ್ ಎರಡನೇ ಪುಸ್ತಕ ಯಾರ ಹತ್ತಿರ ಇದೆ? ಬಾಗಲಕೋಟೆ ಸುತ್ತಮುತ್ತ ಇದ್ದರೆ ನಾನೇ ಬಂದು ಒಯ್ಯುತ್ತೇನೆ.

ಕುಂದಾನಗರಿ

ನನ್ನ ಹತ್ತಿರ ಇದೆ. ಬೆಳಗಾವಿಗೆ ಬರಬೇಕು. ಬರುವಾಗ ಅಮೀನಗಡದ ಕರದಂಟು ತಂದರೆ ಒಂದು ತಿಂಗಳು ಇಟ್ಟುಕೊಳ್ಳಬಹುದು. ಪುಟ ಮಡಚಬೇಡಿ.